ನೆರಳು ಹೋದಲ್ಲಿ ಬೋರರ್ ಬಂತು

ಮಾರ್ಚ್ ಬಂತೆಂದರೆ ಕೊಡಗಿನ ಅರೇಬಿಕಾ ಕಾಫಿ ತೋಟಗಳಲ್ಲಿ ಬೋರರ್, ಅಂದರೆ ಗಿಡದ ಕಾಂಡ ಕೊರೆಯುವ ಹುಳು, ಹುಡುಕುವ ಕೆಲಸ ಶುರು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು. ಎಲೆ ಹಳದಿಯಾಗಿ ಜೋತಿದ್ದು, ಕಾಂಡದ ಮೇಲೆ ಬಳೆ ತೊಡಿಸಿದಂತೆ ಉಬ್ಬುಗೆರೆ ಕಂಡರೆ ಆ ಗಿಡವನ್ನು ಕಿತ್ತು ಸುಡಬೇಕು. ಈ ಬೋರರ್‌ನ, ಅಂದರೆ ಬಿಳಿ ಕಾಂಡಕೊರಕ ದುಂಬಿಯ, ಮರಿಹುಳು ತಾನು ಕೊರೆದ ದಾರಿಯನ್ನೆಲ್ಲ ಮರದ ಪುಡಿಯಿಂದಲೇ ಬಿಗಿಯಾಗಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ. ಹೊರಗಿನಿಂದ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ.

ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು 1854ರಲ್ಲಿ. ಆಮೇಲೆ ಭೂಮಿಗೆ ನೂಕುನುಗ್ಗಲು. ಹಲವರು ಕಾಡನ್ನು ಪೂರಾ ಕಡಿದು, ಸುಟ್ಟು, ಬಟ್ಟಬಯಲಲ್ಲಿ ಗಿಡ ನೆಟ್ಟರು. ಆರಂಭದ ಫಸಲು ಚೆನ್ನಾಗಿಯೇ ಬಂತು. 1860ರ ದಶಕ ಮುಗಿಯುವುದರೊಳಗೆ ಬೋರರ್ ತೋಟಕ್ಕೆ ತೋಟವನ್ನೇ ಒಣಗಿಸಿತು. ಮದರಾಸು ಸರ್ಕಾರ ಡಾ. ಜಾರ್ಜ್ ಬಿಡಿ ಎಂಬ ವೈದ್ಯರನ್ನು ತನಿಖೆಗೆ ಕಳಿಸಿತು. 1869ರ ಅವರ ವರದಿ ಹುಳುವನ್ನಷ್ಟೇ ದೂರಲಿಲ್ಲ. ಕಾಡು ಹೋದದ್ದು, ನೆಲ ಒಣಗಿದ್ದು, ನೆರಳಿಲ್ಲದ್ದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ನನಗೆ ಜೀವಶಾಸ್ತ್ರದ ಅತಿ ದೊಡ್ಡ ಪಾಠ ಕಾಣುವುದು ಇಲ್ಲಿಯೇ. ಈ ದುಂಬಿ ಬಿಸಿಲುಪ್ರಿಯ. ಹೆಣ್ಣುದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹಾಗಾಗಿ ಕಾಫಿಗಿಡದ ಆಯಸ್ಸು ಪಕ್ಕದ ಅತ್ತಿಮರದ ಕೊಂಬೆಯನ್ನೂ ಅವಲಂಬಿಸಿದೆ. ಗಿಡ, ಹುಳು, ಮರ, ಮಣ್ಣಿನ ತೇವ ಇವನ್ನು ಬೇರೆಬೇರೆ ಓದಿದರೆ ಉತ್ತರ ಸಿಗದು. ಜೀವಿಗಳೂ ಅವುಗಳ ಸುತ್ತಲಿನ ನೆಲ, ಹವೆಯೂ ಸೇರಿ ಒಂದೇ ವ್ಯವಸ್ಥೆ ಎಂದು ಇಂಗ್ಲೆಂಡಿನ ಸಸ್ಯವಿಜ್ಞಾನಿ ಟ್ಯಾನ್ಸ್ಲಿ ಅದಕ್ಕೆ ‘ಇಕೋಸಿಸ್ಟಮ್’ ಎಂದು ಹೆಸರಿಟ್ಟು ಹೇಳಿದ್ದು 1935ರಲ್ಲಿ. ಕೊಡಗಿನ ಬೆಳೆಗಾರರು ಅದನ್ನು ಅಷ್ಟರಲ್ಲಾಗಲೇ ನಷ್ಟ ತಿಂದು ಕಲಿತಿದ್ದರು. ಕಾಡುಮರ ಉಳಿಸಿ, ಹಾಲುವಾಣ ನೆಟ್ಟು ನೆರಳು ಕಟ್ಟಿದ್ದರು.

ಎಲೆತುಕ್ಕು ರೋಗವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಂತು. ಅದಕ್ಕೆ ತಡೆಯುವ ತಳಿಗಳು ಸಿಕ್ಕವು. ಸಂಶೋಧನೆಗೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ, ಆಮೇಲೆ ನಮ್ಮ ಚೆಟ್ಟಳ್ಳಿಯಲ್ಲಿ ಕೇಂದ್ರಗಳಾದವು. ಬೋರರ್‌ಗೆ ಮಾತ್ರ ಅಂಥ ತಳಿ ಕೈಗೆ ಬರಲಿಲ್ಲ. ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾಗೆ ಅದರ ಕಾಟ ತೀರಾ ಕಡಿಮೆ. ಕೊಡಗು ಇಂದು ಹೆಚ್ಚಾಗಿ ರೋಬಸ್ಟಾ ನಾಡಾಗಿರುವುದಕ್ಕೆ ಅದೂ ಒಂದು ಕಾರಣ.

ಹೆಚ್ಚು ಇಳುವರಿಯ ಆಸೆಗೆ ನೆರಳನ್ನು ತೆಳ್ಳಗೆ ಮಾಡುವವರು ಈಗಲೂ ಇದ್ದಾರೆ. ಅರೇಬಿಕಾ ಉಳಿಸಿಕೊಂಡವರು ನೆರಳುಮರದ ಕೊಂಬೆ ಕಡಿಯುವ ಮರಕಪಾತಿಗೆ ಆಳು ಹತ್ತಿಸುವ ಮುಂಚೆ, ಮಧ್ಯಾಹ್ನದ ಬಿಸಿಲು ಯಾವ ಸಾಲಿನ ಕಾಂಡಕ್ಕೆ ನೇರ ಬೀಳುತ್ತದೆ ಎಂದು ಒಮ್ಮೆ ನಡೆದು ನೋಡಲೇಬೇಕು.