ಚಳಿನಿದ್ದೆ ಮುಗಿಸಿದ ವೀನಸ್ ಫ್ಲೈಟ್ರ್ಯಾಪ್‌ಗೆ ಮೊದಲು ಬೇಕಾದ್ದು ಬಿಸಿಲು

ವೀನಸ್ ಫ್ಲೈಟ್ರ್ಯಾಪ್ ಅಂದರೆ ಹುಳ ಹಿಡಿದು ತಿನ್ನುವ ಪುಟ್ಟ ಗಿಡ. ಚಳಿಗಾಲ ಮುಗಿಯುತ್ತಿದ್ದ ಹಾಗೆ ಅದನ್ನು ಬೆಳೆಸುವವರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ‘ಗಿಡ ಪೂರ್ತಿ ಕಪ್ಪಾಗಿದೆ, ಸತ್ತೇಹೋಯ್ತಾ?’ ಎಸೆಯುವ ಮೊದಲು ಮಣ್ಣನ್ನು ಸ್ವಲ್ಪ ಸರಿಸಿ ನೋಡಿ. ಒಳಗಿನ ಗೆಡ್ಡೆ ಬೆಳ್ಳಗಿದ್ದು, ಒತ್ತಿದರೆ ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಕಂದುಬಣ್ಣಕ್ಕೆ ತಿರುಗಿ ಮೆತ್ತಗೆ ಕೊಳೆತಿದ್ದರೆ ಮಾತ್ರ ಆಸೆ ಬಿಡಿ. ಇದರ ತವರು ಅಮೆರಿಕದ ನಾರ್ತ್ ಮತ್ತು ಸೌತ್ ಕ್ಯಾರೊಲೈನಾದ ಜೌಗು ಬಯಲು. ಅಲ್ಲಿ ನೀರು ಹೆಪ್ಪುಗಟ್ಟುವ ರಾತ್ರಿಗಳೂ ಇರುತ್ತವೆ. 3-4 ತಿಂಗಳು ಎಲೆ ಒಣಗಿಸಿಕೊಂಡು ಗೆಡ್ಡೆಯಲ್ಲೇ ಜೀವ ಹಿಡಿದಿರುವುದು ಅದಕ್ಕೆ ಮಾಮೂಲು.

ಕುಂಡ ಬದಲಿಸುವುದಿದ್ದರೆ ಚಿಗುರು ಜೋರಾಗುವ ಮೊದಲೇ ಬದಲಿಸಿ. ಪೀಟ್ ಮಾಸ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಾಕು. ತೋಟದ ಮಣ್ಣು, ಗೊಬ್ಬರ ಎರಡೂ ಬೇಡ. ಸತ್ವವಿಲ್ಲದ ಹುಳಿ ಮಣ್ಣಿಗೆ ಒಗ್ಗಿದ ಬೇರು ಇದು, ಗೊಬ್ಬರ ಬಿದ್ದರೆ ಸುಟ್ಟುಹೋಗುತ್ತದೆ.

ನಾನು ನೋಡಿದ ಹಾಗೆ, ಚಳಿಯಲ್ಲಿ ಸಾಯುವುದಕ್ಕಿಂತ ಹೊರಗಿಟ್ಟ ಮೊದಲ ಎರಡು ವಾರದಲ್ಲಿ ಸೊರಗುವ ಗಿಡಗಳೇ ಜಾಸ್ತಿ. ಮನೆಯೊಳಗೆ ಅಥವಾ ಫ್ರಿಜ್ಜಿನಲ್ಲಿ ಚಳಿಗಾಲ ಕಳೆದ ಗಿಡವನ್ನು ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ಎಲೆ ಬಿಳಚಿಕೊಂಡು, ಅಂಚು ಗರಿಗರಿಯಾಗುತ್ತದೆ. ಮೊದಲು ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಕೊಡಿ. ಜೋರು ಗಾಳಿ ಬೀಸದ ಜಾಗವಾಗಿರಲಿ. ಹತ್ತು ಹದಿನೈದು ದಿನದಲ್ಲಿ ಹೊತ್ತು ಹೆಚ್ಚಿಸುತ್ತಾ ಹೋಗಿ, ಕೊನೆಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಸಿಗುವ ಕಡೆ ಬಿಟ್ಟುಬಿಡಿ. ಅಷ್ಟಾದರೂ ಹಳೆ ಎಲೆ ಒಂದೆರಡು ಸುಡಬಹುದು. ಅದಕ್ಕೆ ಹೆದರಿ ದಯವಿಟ್ಟು ಮತ್ತೆ ಒಳಗೆ ತರಬೇಡಿ. ನಡುವಿನಿಂದ ಬರುವ ಹೊಸ ಎಲೆಯನ್ನು ನೋಡಿ. ಅದು ಗಿಡ್ಡಗೆ, ದಪ್ಪಗೆ, ಗಡುಸಾಗಿ ಬಂದರೆ ಗಿಡ ಒಗ್ಗಿಕೊಂಡಿದೆ ಅಂತ ಅರ್ಥ. ಹೆಚ್ಚಿನ ತಳಿಗಳಲ್ಲಿ ಬೋನಿನ, ಅಂದರೆ ಎಲೆ ತುದಿಯಲ್ಲಿ ಹುಳ ಹಿಡಿಯಲು ಬಾಯಿಯಂತೆ ಮುಚ್ಚುವ ಭಾಗದ, ಒಳಗೋಡೆಗೆ ಕೆಂಪು ಏರುವುದೂ ಆಗಲೇ. ಇಡೀ ಚಳಿಗಾಲ ಹೊರಗೇ ಇದ್ದ ಗಿಡಕ್ಕೆ ಈ ಉಪಚಾರ ಯಾವುದೂ ಬೇಕಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಮಳೆನೀರು, ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು, ಇಷ್ಟೇ. ಮೀಟರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 50 ಪಿಪಿಎಂಗಿಂತ ಕೆಳಗಿರಲಿ. ಕುಂಡವನ್ನು ತಟ್ಟೆಯಲ್ಲಿಟ್ಟು, ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿ.

ವಸಂತದಲ್ಲಿ ಹೂವಿನ ಕಾಂಡ ಏಳುತ್ತದೆ. ಬೀಜ ಬೇಕಿಲ್ಲದಿದ್ದರೆ, ಅದರಲ್ಲೂ ಗಿಡ ಬಡಕಲಾಗಿದ್ದರೆ, ನಾಲ್ಕೈದು ಸೆಂಟಿಮೀಟರ್ ಇರುವಾಗಲೇ ಕತ್ತರಿಸಿ. ಹೂವಿಗೆ ಹೋಗುವ ಶಕ್ತಿ ಎಲೆಗೆ ಉಳಿಯುತ್ತದೆ.

ಹೊರಗಿರುವ ಗಿಡ ತನ್ನ ಊಟ ತಾನೇ ಹಿಡಿಯುತ್ತದೆ, ನೀವು ನೊಣ ಹುಡುಕಬೇಕಾಗಿಲ್ಲ. ಮಾಂಸದ ಚೂರು ಹಾಕಿದರೆ ಬೋನು ಕೊಳೆಯುತ್ತದೆ. ಸುಮ್ನೆ ಬೆರಳು ಹಾಕಿ ಮುಚ್ಚಿಸುವುದೂ ಬೇಡ. ಒಳಗಿನ ಸಣ್ಣ ಕೂದಲುಗಳು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಅಲುಗಿದರೆ ಬೋನು ಮುಚ್ಚುತ್ತದೆ, ಒಳಗೆ ಹುಳ ಇರಲಿ ಬಿಡಲಿ. ಒಂದು ಬೋನು ತನ್ನ ಆಯುಸ್ಸಿನಲ್ಲಿ ಮುಚ್ಚಿ ತೆರೆಯುವುದೇ ಕೆಲವು ಸಲ.

ಹೊಸ ಎಲೆಗಳು ಸೊಟ್ಟಸೊಟ್ಟಗೆ, ಮುರುಟಿಕೊಂಡು ಬರುತ್ತಿದ್ದರೆ ಗಿಡದ ನಡುಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸಸ್ಯಹೇನು ಕಂಡರೆ ಕುಂಡ ಸಮೇತ ಮಳೆನೀರಿನಲ್ಲಿ ಒಂದೆರಡು ದಿನ ಪೂರ್ತಿ ಮುಳುಗಿಸಿಡಿ. ಹೇನು ಸಾಯುತ್ತವೆ, ಜೌಗಿನ ಗಿಡ ಅದನ್ನು ತಡೆದುಕೊಳ್ಳುತ್ತದೆ.