ಹೆಲ್‌ಬ್ಲೇಡ್ 2: ಒಬ್ಬರಿಗೆ ಮೈ ಜುಮ್, ಇನ್ನೊಬ್ಬರಿಗೆ ಆಕಳಿಕೆ. ಯಾಕೆ?

ಓದುಗರ ಪ್ರಶ್ನೆ: "ಸೆನುವಾಸ್ ಸಾಗಾ: ಹೆಲ್‌ಬ್ಲೇಡ್ 2 ತಗೊಳ್ಳೋಣ ಅಂತಿದೀನಿ. ಆಫೀಸಿನಲ್ಲಿ ಒಬ್ಬ 'ಇಂಥ ಗೇಮ್ ಜನ್ಮದಲ್ಲಿ ಆಡಿಲ್ಲ' ಅಂತಾನೆ. ರೂಮ್‌ಮೇಟು 'ಎರಡು ಗಂಟೆ ಬರೀ ನಡೆದೆ, ನಿದ್ದೆ ಬಂತು' ಅಂತಾನೆ. ಇಬ್ಬರೂ ಆಡಿರೋದು ಒಂದೇ ಗೇಮ್ ತಾನೇ? ಯಾರ ಮಾತು ಕೇಳಲಿ?"

ಅವರಿಬ್ಬರನ್ನೂ ಒಂದೇ ಒಂದು ಮಾತು ಕೇಳಿ ನೋಡಿ: ಹೆಡ್‌ಫೋನ್ ಹಾಕ್ಕೊಂಡು ಆಡಿದ್ರಾ?

ನನ್ನ ಅಂದಾಜಿನಲ್ಲಿ ಆಫೀಸಿನವರು ಹೌದು ಅಂತಾರೆ, ರೂಮ್‌ಮೇಟು ಇಲ್ಲ ಅಂತಾರೆ. ಈ ಗೇಮಿನ ಮಾತು ಯಾರು ಎತ್ತಿದರೂ ನಾನು ಮೊದಲು ಕೇಳೋದು ಇದನ್ನೇ. ಲೆಕ್ಕ ಎಲ್ಲ ಸಲವೂ ತಾಳೆಯಾಗಿಲ್ಲ (ಒಂದು ಸಲವಂತೂ ನನ್ನ ಎದುರಿಗೇ ತಲೆಕೆಳಗಾಯಿತು, ಅದನ್ನು ಆಮೇಲೆ ಹೇಳುತ್ತೇನೆ), ಆದರೂ ಶುರು ಮಾಡೋದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಮೊದಲ ಹೆಲ್‌ಬ್ಲೇಡ್ ಬಂದದ್ದು 2017ರ ಆಗಸ್ಟ್‌ನಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ನಿಂಜಾ ಥಿಯರಿ ಅನ್ನುವ ಸ್ಟುಡಿಯೋದಲ್ಲಿ ಸುಮಾರು 20 ಜನ ಸೇರಿ ಮಾಡಿದ ಗೇಮ್. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಸೆನುವಾ ಅನ್ನುವ ಹುಡುಗಿ, ನಾರ್ಸ್ (ಅಂದರೆ ವೈಕಿಂಗ್) ದಾಳಿಕೋರರು ಕೊಂದ ತನ್ನ ಪ್ರಿಯಕರ ಡಿಲಿಯನ್‌ನ ತಲೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅವನ ಆತ್ಮವನ್ನು ವಾಪಸ್ ತರಲು ನಾರ್ಸ್ ನರಕಕ್ಕೆ ಹೋಗುತ್ತಾಳೆ. ಇಷ್ಟೇ ಆಗಿದ್ದರೆ ಕತ್ತಿ ಹಿಡಿದ ಇನ್ನೊಂದು ಫ್ಯಾಂಟಸಿ ಗೇಮ್ ಆಗಿ ಮರೆತುಹೋಗುತ್ತಿತ್ತು. ಆದರೆ ಸೆನುವಾಗೆ ಸೈಕೋಸಿಸ್ ಇದೆ. ಯಾರೂ ಇಲ್ಲದ ಕಡೆ ದನಿಗಳು ಕೇಳಿಸುತ್ತವೆ, ಇಲ್ಲದ್ದು ಕಾಣಿಸುತ್ತದೆ. ಅವಳಿಗೆ ಕೇಳಿಸಿದ್ದೆಲ್ಲ ನಮಗೂ ಕೇಳಿಸಬೇಕು ಅನ್ನುವುದೇ ಇಡೀ ಗೇಮಿನ ಹಟ.

ಅದಕ್ಕಾಗಿ ಅವರು ಹಿಡಿದದ್ದು ಬೈನಾರಲ್ ರೆಕಾರ್ಡಿಂಗ್ ದಾರಿ. ಮನುಷ್ಯನ ಎರಡು ಕಿವಿ ಎಲ್ಲಿರುತ್ತವೋ ಅಲ್ಲಿ ಎರಡು ಮೈಕು. ಹೆಲೆನ್ ಗೋಲನ್, ಆಬಿ ಗ್ರೀನ್‌ಲ್ಯಾಂಡ್ ಅನ್ನುವ ಇಬ್ಬರು ನಟಿಯರು ಆ ಮೈಕಿನ ಸುತ್ತ ಓಡಾಡುತ್ತಾ, ಬಗ್ಗಿ, ಹಿಂದಿನಿಂದ ಬಂದು ಪಿಸುಗುಟ್ಟಿದರು. ಎಡಗಡೆಯಿಂದ ಪಿಸುಗುಟ್ಟಿದ್ದು ಎಡಗಿವಿಯನ್ನು ಮೊದಲು ಮುಟ್ಟುತ್ತದೆ. ಬಲಗಿವಿಗೆ ಬರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ತಡವಾಗಿ, ತುಸು ಮಂದವಾಗಿ. ದನಿ ಯಾವ ದಿಕ್ಕಿನದು ಅಂತ ಮಿದುಳು ಕಂಡುಹಿಡಿಯೋದಕ್ಕೆ ಅಷ್ಟು ವ್ಯತ್ಯಾಸ ಸಾಕು. ಹೆಡ್‌ಫೋನಿನಲ್ಲಿ ಆ ವ್ಯತ್ಯಾಸ ಹಾಗೇ ಉಳಿಯುತ್ತದೆ. ಟಿವಿ ಸ್ಪೀಕರಿನಲ್ಲಿ ಉಳಿಯೋದಿಲ್ಲ, ಯಾಕೆಂದರೆ ಎಡ ಸ್ಪೀಕರಿನ ಸದ್ದು ಬಲಗಿವಿಗೂ ಬರುತ್ತದೆ, ಬಲದ್ದು ಎಡಕ್ಕೂ. ಕುತ್ತಿಗೆಯ ಹಿಂದೆ ಉಸಿರು ಬಿಟ್ಟಂತಿರಬೇಕಾದ ಮಾತು ಎದುರಿನ ಗೋಡೆಯಿಂದ ಬರುವ ಗುಜುಗುಜು ಆಗಿಬಿಡುತ್ತದೆ. ಇನ್ನು ಮಿಕ್ಸಿ, ಪ್ರೆಶರ್ ಕುಕ್ಕರು, ಕೆಳಗಡೆ ರಸ್ತೆಯ ಹಾರ್ನು ಎಲ್ಲವೂ ಸೇರಿಕೊಂಡರೆ ಕೇಳಲೇಬೇಡಿ. ನಿಮ್ಮ ರೂಮ್‌ಮೇಟಿಗೆ ಸಿಕ್ಕಿದ್ದು ಬಹುಶಃ ಆ ಗೇಮು.

ಎರಡನೆಯದು ಬಂದದ್ದು 2024ರ ಮೇ 21ಕ್ಕೆ. ಅಷ್ಟರಲ್ಲಿ ಸ್ಟುಡಿಯೋ ಮೈಕ್ರೋಸಾಫ್ಟ್ ಪಾಲಾಗಿತ್ತು. ಈ ಸಲ ಕತೆ ಹತ್ತನೇ ಶತಮಾನದ ಐಸ್‌ಲ್ಯಾಂಡಿನಲ್ಲಿ: ತನ್ನ ಜನರನ್ನು ಹಿಡಿದು ಮಾರುವವರ ಬೇರು ಹುಡುಕಲು ಸೆನುವಾ ತಾನೇ ಬೇಕೆಂದು ಸೆರೆಯಾಗುತ್ತಾಳೆ, ಹಡಗು ಬಿರುಗಾಳಿಗೆ ಒಡೆಯುತ್ತದೆ, ಕಪ್ಪು ಬಂಡೆಗಳ ದಡಕ್ಕೆ ಬಂದು ಬೀಳುತ್ತಾಳೆ. ಮುಂದೆ ದೈತ್ಯರು, ಬೆಂಕಿ ಉಗುಳುವ ಬೆಟ್ಟ, ಹುಲ್ಡುಫೋಲ್ಕ್ ಅನ್ನುವ ಕಣ್ಣಿಗೆ ಕಾಣದ ಜನ. ಕತೆ ಇದಕ್ಕಿಂತ ಹೆಚ್ಚು ಹೇಳಲಾರೆ, ಆಡುವವರಿಗೆ ಮೋಸ ಮಾಡಿದಂತಾಗುತ್ತದೆ.

ಈಗ ನನ್ನ ಹೆಡ್‌ಫೋನ್ ಸಿದ್ಧಾಂತ ತಲೆಕೆಳಗಾದ ಕತೆ. ಕಳೆದ ಅವರೆಕಾಯಿ ಕಾಲ. ವಿಜಯನಗರದಲ್ಲಿ ಚಿಕ್ಕಪ್ಪನ ಮನೆ. ಚಿಕ್ಕಪ್ಪನ ಮಗ ಹಾಲಿನ ದೊಡ್ಡ ಟಿವಿಗೆ ಹಾಕಿಕೊಂಡು ಆಡುತ್ತಿದ್ದ. ತಿಪಟೂರಿನಿಂದ ಬಂದಿದ್ದ ಅಜ್ಜಿ ಕೆಳಗೆ ಪೇಪರ್ ಹಾಸಿಕೊಂಡು ಕಾಯಿ ಸುಲಿಯುತ್ತಿದ್ದರು. ಸೊಗಡು ಅಂದರೆ ಅಂಥ ಸೊಗಡು, ಪಕ್ಕದ ಮನೆಯವರಿಗೂ ಗೊತ್ತಾಗುವಷ್ಟು. ನಾನು ಪಕ್ಕದಲ್ಲಿ ಕೂತು ಕಾಯಿ ಸುಲಿಯುವ ನಾಟಕ ಮಾಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅಜ್ಜಿ ಕೈ ನಿಲ್ಲಿಸಿ ಅಡುಗೆಮನೆ ಕಡೆ ತಿರುಗಿದರು. "ಒಳಗ್ಯಾರ್ಲಾ ಮಾತಾಡ್ತಾವ್ರೆ?"

"ಯಾರೂ ಇಲ್ಲಜ್ಜಿ, ಟಿವಿಲಿ ಬರ್ತಿರೋದು."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ತೆರೆ ನೋಡಿದರು. ಒದ್ದೆ ಬಂಡೆಗಳ ನಡುವೆ ಸೆನುವಾ ಒಬ್ಬಳೇ ನಡೆಯುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಐದು ನಿಮಿಷ ನೋಡಿದರು, ಅಷ್ಟೇ. "ಈ ಹೆಣ್ಣಿಗೆ ಗಾಳಿ ಸೋಕೈತೆ ಕಣ್ಲಾ. ಯಾರೂ ಇಲ್ದೇ ಇದ್ರೂ ಅವಳ್ಗೆ ಮಾತು ಕೇಳ್ತೈತೆ. ನೋಡು, ತಿರುಗಿ ತಿರುಗಿ ನೋಡ್ತಾಳೆ."

ಮೊದಲ ಗೇಮಿನಲ್ಲಿ ಸೆನುವಾಳ ಅಪ್ಪನೂ ಊರಿನವರೂ ಹೇಳುವುದು ಹೆಚ್ಚೂಕಡಿಮೆ ಇದನ್ನೇ. ಅವಳಿಗೆ ಶಾಪ ತಗುಲಿದೆ, ಅವಳಿಂದ ಊರಿಗೆ ಕೇಡು ಅಂತ. ಹೆಡ್‌ಫೋನಿಲ್ಲದೆ, ಭಾಷೆ ಬಾರದೆ, ಮಧ್ಯದಿಂದ ನೋಡಲು ಶುರುಮಾಡಿ ಅಜ್ಜಿ ನೇರ ಗೇಮಿನ ಹೊಟ್ಟೆಗೇ ಕೈ ಹಾಕಿದ್ದರು. ಕೈಯಲ್ಲಿ ಕಂಟ್ರೋಲರ್ ಹಿಡಿದಿದ್ದ ನನ್ನ ತಮ್ಮ ಮಾತ್ರ, "ಬರೀ ವಾಕಿಂಗು ಕಣಣ್ಣಾ. ಫೈಟ್ ಯಾವಾಗ ಬರುತ್ತೋ," ಅಂತ ಗೊಣಗುತ್ತಿದ್ದ.

ಹಾಗಾದರೆ ಬರೀ ಕಿವಿಯ ವಿಷಯವಲ್ಲ ಇದು. ಅಜ್ಜಿಯ ಕೈಯಲ್ಲಿ ಅವರೆಕಾಯಿ ಇತ್ತು, ಅದಕ್ಕೆ ಕೆಲಸವೂ ಇತ್ತು. ತಮ್ಮನ ಕೈ ಕೆಲಸಕ್ಕಾಗಿ ಕಾಯುತ್ತಿತ್ತು. ದಿನಾ ರಾತ್ರಿ ಫೋನಿನಲ್ಲಿ ಗುಂಡು ಹಾರಿಸುವ ಗೇಮ್ ಆಡುವ ಹುಡುಗ ಅವನು, ಎರಡು ಸೆಕೆಂಡು ಬೆರಳು ಸುಮ್ಮನಿದ್ದರೆ ಏನೋ ಕೆಟ್ಟಿದೆ ಅನಿಸುತ್ತದೆ. ಅಂಥವರಿಗೆ ಹೆಲ್‌ಬ್ಲೇಡ್ 2 ಕೊಡುವ ಕೆಲಸ ತೀರಾ ಕಮ್ಮಿ. ನಡೆಯಬೇಕು, ಹತ್ತಬೇಕು, ಸಂದಿಯಲ್ಲಿ ನುಸುಳಬೇಕು, ಕೇಳಿಸಿಕೊಳ್ಳಬೇಕು. ತೆರೆಯ ಮೇಲೆ ಆಯಸ್ಸಿನ ಪಟ್ಟಿ ಇಲ್ಲ, ಮ್ಯಾಪ್ ಇಲ್ಲ, ಬಾಣದ ಗುರುತೂ ಇಲ್ಲ. ಮೇಲೆ ಕೆಳಗೆ ಸಿನಿಮಾದ ಹಾಗೆ ಕಪ್ಪು ಪಟ್ಟಿ ಬೇರೆ.

ಇಲ್ಲಿ ಬೇಸರಪಟ್ಟವರ ಪರ ನಾನೂ ಎರಡು ಮಾತು ಹೇಳಬೇಕು, ಯಾಕೆಂದರೆ ಅವರ ದೂರಿನಲ್ಲಿ ನಿಜವಿದೆ. ಮೊದಲ ಗೇಮಿನ ಹೊಡೆದಾಟ ನನಗೆ ಇಷ್ಟ. ಒಂದೇ ಸಲ ಮೂರು ನಾಲ್ಕು ಜನ ಸುತ್ತುವರಿಯುತ್ತಿದ್ದರು. ಬೆನ್ನ ಹಿಂದೆ ಯಾರಾದರೂ ಬಂದರೆ ತೆರೆಯಲ್ಲಿ ಏನೂ ಕಾಣದು, ತಲೆಯೊಳಗಿನ ದನಿಯೇ ಹಿಂದೆ ನೋಡು ಅಂತ ಚೀರುತ್ತಿತ್ತು. ಅಷ್ಟು ಹೊತ್ತೂ ಹಂಗಿಸಿ ಹಿಂಸೆ ಕೊಟ್ಟ ದನಿಯೇ ಜೀವ ಉಳಿಸುತ್ತಿತ್ತು. ಅದನ್ನು ನಂಬಬೇಕೋ ಬೇಡವೋ ಅನ್ನುವ ಗೊಂದಲ ಕೈಗೇ ತಟ್ಟುತ್ತಿತ್ತು. ಅದರ ಜೊತೆಗೆ ಇನ್ನೊಂದು ಬೆದರಿಕೆ: ಸತ್ತಾಗೆಲ್ಲ ತೋಳಿನ ಕಪ್ಪು ಕೊಳೆ ಮೇಲೇರುತ್ತದೆ, ತಲೆ ಮುಟ್ಟಿದರೆ ಆಡಿದ್ದಷ್ಟೂ ಅಳಿಸಿಹೋಗುತ್ತದೆ ಅಂತ. ಅದು ಬರೀ ಸುಳ್ಳು, ಏನೂ ಅಳಿಸುವುದಿಲ್ಲ. ಆದರೆ ಗೊತ್ತಾಗುವವರೆಗೂ ನಾನು ಪ್ರತಿ ಹೊಡೆದಾಟಕ್ಕೂ ಅಂಗೈ ಬೆವರಿಸಿಕೊಂಡಿದ್ದೇನೆ. ಮೋಸ ಮಾಡಿದರು ಅಂತ ಆಗ ಸಿಟ್ಟಾದವರೂ ಇದ್ದಾರೆ. ನನಗಂತೂ ಅದು ಜಾಣತನ ಅನಿಸಿತು. ಸೆನುವಾ ನಂಬಿದ್ದನ್ನು ನಾನೂ ನಂಬಿದ್ದೆ, ಅಷ್ಟೇ.

ಎರಡನೆಯದರಲ್ಲಿ ಶತ್ರುಗಳು ಒಬ್ಬೊಬ್ಬರಾಗಿಯೇ ಬರುತ್ತಾರೆ. ಒಬ್ಬ ಬಿದ್ದ ಕೂಡಲೇ ಇನ್ನೊಬ್ಬ ಎಲ್ಲಿಂದಲೋ ಮೇಲೆ ಬೀಳುತ್ತಾನೆ, ಕ್ಯಾಮೆರಾ ಕಟ್ ಆಗದೆ ತಿರುಗುತ್ತದೆ, ನೋಡಲು ಎದೆ ನಡುಗುವಂತಿದೆ. ಕೈಗೆ ಮಾತ್ರ ಅದೇ ತಡೆ, ಅದೇ ತಪ್ಪಿಸಿಕೊಳ್ಳುವಿಕೆ, ಅದೇ ಎರಡು ಪೆಟ್ಟು. ನಾಲ್ಕನೇ ಹೊಡೆದಾಟದ ಹೊತ್ತಿಗೆ ನಾನು ಆಡುತ್ತಿದ್ದೇನೋ, ಯಾರೋ ಚೆನ್ನಾಗಿ ಹೊಂದಿಸಿಟ್ಟ ದೃಶ್ಯಕ್ಕೆ ಗುಂಡಿ ಒತ್ತುತ್ತಿದ್ದೇನೋ ಅಂತ ಅನುಮಾನ ಬಂತು. ಚಂದ ಹೆಚ್ಚಿಸಲು ಹೋಗಿ ಭಯ ಕಡಿಮೆ ಮಾಡಿಕೊಂಡರು ಅನ್ನುವುದು ನನ್ನ ದೂರು. ಇದನ್ನು ಯಾವ ಹೆಡ್‌ಫೋನೂ ಸರಿಮಾಡೋದಿಲ್ಲ.

ಒಗಟುಗಳ ಬಗ್ಗೆಯೂ ಜನ ಎರಡಾಗಿದ್ದಾರೆ. ಮುಚ್ಚಿದ ಬಾಗಿಲ ಮೇಲೆ ರೂನ್ ಅನ್ನುವ ಹಳೆ ನಾರ್ಸ್ ಲಿಪಿಯ ಆಕಾರ ಇರುತ್ತದೆ, ಅದೇ ಆಕಾರವನ್ನು ಸುತ್ತಲಿನ ಮರ, ನೆರಳು, ಮುರಿದ ತೊಲೆಗಳಲ್ಲಿ ಸರಿಯಾದ ಕೋನದಿಂದ ನಿಂತು ಹುಡುಕಬೇಕು. ಸಂಬಂಧವಿಲ್ಲದ ವಸ್ತುಗಳಲ್ಲಿ ತನಗೇ ಬರೆದ ಸಂದೇಶ ಕಾಣುವುದು ಸೈಕೋಸಿಸ್‌ನಲ್ಲಿ ಆಗುವ ಅನುಭವ, ಹಾಗಾಗಿ ಈ ಒಗಟು ಸುಮ್ಮನೆ ತುರುಕಿದ್ದಲ್ಲ. ಮೊದಲ ಸಲ ಸಿಕ್ಕಾಗ ಬೆರಗು. ಆಮೇಲಾಮೇಲೆ ಹೋಂವರ್ಕು.

ದುಡ್ಡಿನ ಲೆಕ್ಕಕ್ಕೆ ಬರೋಣ. ಎರಡನೆಯದು ಆರೇಳು ಗಂಟೆಗೆ, ನಿಧಾನಕ್ಕೆ ಆಡಿದರೆ ಎಂಟು ಗಂಟೆಗೆ ಮುಗಿಯುತ್ತದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ 49.99 ಡಾಲರ್. ಮೊದಲನೆಯದು ಹೆಚ್ಚೂಕಡಿಮೆ ಇಷ್ಟೇ ಉದ್ದ, ಆದರೆ 29.99 ಡಾಲರಿಗೆ ಬಂದಿತ್ತು. ಅಂಗೈಯಗಲ ಗಾತ್ರಕ್ಕೆ ಅಷ್ಟು ಬೆಲೆಯಾ ಅನ್ನುವ ಸಿಟ್ಟು ಹುಟ್ಟಿದ್ದು ಇಲ್ಲಿ. ಮೊದಲ ದಿನದಿಂದಲೇ ಗೇಮ್ ಪಾಸ್‌ನಲ್ಲಿ (ಮೈಕ್ರೋಸಾಫ್ಟಿನ ಚಂದಾ ಸೇವೆ) ಆಡಿದವರು ಈ ವಿಷಯದಲ್ಲಿ ತಣ್ಣಗಿದ್ದರು, ಪೂರ್ತಿ ದುಡ್ಡು ಕೊಟ್ಟವರು ಬಿಸಿಯಾಗಿದ್ದರು. ಸಹಜ. ದರ್ಶಿನಿಯಲ್ಲಿ ಊಟದ ಟೋಕನ್ ತಗೊಂಡವನ ಮುಂದೆ ಬೈಟೂ ಕಾಫಿ ಇಟ್ಟರೆ, ಕಾಫಿ ಎಷ್ಟೇ ಸ್ಟ್ರಾಂಗ್ ಆಗಿದ್ದರೂ ಅವನು ಜಗಳಕ್ಕೆ ನಿಲ್ಲುತ್ತಾನೆ. ಮೂವತ್ತು ಗಂಟೆ ಎಳೆದಾಡಿಸುವ ಗೇಮುಗಳಿಗಿಂತ ನನಗೆ ಎರಡು ರಾತ್ರಿಯಲ್ಲಿ ಮುಗಿಯುವುದೇ ವಾಸಿ. ಮಾರನೇ ದಿನ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗುವವನಿಗೆ ಅಷ್ಟೇ ಪುರುಸೊತ್ತು.

ಇನ್ನೊಂದು ದೂರು ಸೆಕೆಂಡಿಗೆ 30 ಫ್ರೇಮ್, ಅಂದರೆ ತೆರೆಯಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ ಅನ್ನುವುದು; ಕಮ್ಮಿಯಾದಷ್ಟೂ ಚಲನೆ ನಯ ಕಳಕೊಳ್ಳುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಬಿಡುಗಡೆಯಾದಾಗ ಅಷ್ಟೇ ಇತ್ತು. ಅನ್‌ರಿಯಲ್ ಎಂಜಿನ್ 5 ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರಿನಲ್ಲಿ ಮುಖದ ಸ್ನಾಯು, ಒದ್ದೆ ಕಲ್ಲು, ಮಂಜು ಎಲ್ಲವನ್ನೂ ಆ ಮಟ್ಟಕ್ಕೆ ತೋರಿಸಲು ಫ್ರೇಮುಗಳನ್ನು ಬಲಿ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು, ಆಗ 60 ಫ್ರೇಮಿನ ಆಯ್ಕೆಯೂ ಸೇರಿತು. ಹಳೆ ದೂರು ಓದಿ ಹೆದರಬೇಕಿಲ್ಲ. ಪಿಸಿಯಲ್ಲಿ ಆಡುವುದಾದರೆ ಎಸ್‌ಎಸ್‌ಡಿಯಲ್ಲಿ ಸುಮಾರು 70 ಜಿಬಿ ಖಾಲಿ ಇಟ್ಟುಕೊಳ್ಳಿ. ಎಸ್‌ಪಿ ರೋಡಿಗೆ ಹೋಗಿ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಭಾಗ ಒಳ್ಳೆ ಹೆಡ್‌ಫೋನಿಗೆ ಹಾಕಿದರೆ ಈ ಗೇಮಿನ ಮಟ್ಟಿಗೆ ಲಾಭ ಹೆಚ್ಚು. ಸಾದಾ ಸ್ಟೀರಿಯೋ ಸಾಕು. ಡಬ್ಬದ ಮೇಲೆ 7.1 ಸರೌಂಡ್ ಸೌಂಡ್ ಅಂತ ದಪ್ಪಕ್ಷರದಲ್ಲಿ ಬರೆದದ್ದೇ ಬೇಕು ಅಂತಿಲ್ಲ.

ಬಹುಮಾನಗಳು ಯಾವ ವಿಭಾಗಕ್ಕೆ ಬಂದವು ಅಂತ ನೋಡಿದರೂ ಈ ಒಡಕು ಕಾಣುತ್ತದೆ. ಮೊದಲನೆಯದಕ್ಕೆ 2018ರಲ್ಲಿ ಬ್ರಿಟನ್ನಿನ ಐದು ಬಾಫ್ಟಾ ಪ್ರಶಸ್ತಿ ಬಂದವು, ಅದರಲ್ಲಿ ಸದ್ದಿಗೊಂದು, ಕಲೆಗೊಂದು, ನಟನೆಗೊಂದು. ಎರಡನೆಯದಕ್ಕೆ 2024ರ ಗೇಮ್ ಅವಾರ್ಡ್ಸ್‌ನಲ್ಲಿ ಆಡಿಯೋ ಡಿಸೈನ್ ಮತ್ತು ನಟನೆಯ ಬಹುಮಾನ. ಸೆನುವಾ ಆಗಿರುವ ಮೆಲಿನಾ ಯೂರ್ಗನ್ಸ್ ಅದೇ ಸ್ಟುಡಿಯೋದಲ್ಲಿ ವಿಡಿಯೋ ಎಡಿಟರ್ ಆಗಿದ್ದವರು. ನಟಿ ಸಿಗುವವರೆಗೆ ಕ್ಯಾಮೆರಾ ಪರೀಕ್ಷೆಗೆ ನಿಲ್ಲಿಸಿದರು, ಆಮೇಲೆ ಬೇರೆ ಯಾರನ್ನೂ ಹುಡುಕಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಂಭೀರವಾಗಿ ತಗೊಳ್ಳಿ. ಸ್ಟುಡಿಯೋದವರು ಕೇಂಬ್ರಿಜ್‌ನ ಮನೋವೈದ್ಯ ಪ್ರೊಫೆಸರ್ ಪಾಲ್ ಫ್ಲೆಚರ್ ಅವರನ್ನೂ, ಸ್ವತಃ ಇಂಥ ದನಿಗಳನ್ನು ಕೇಳಿದವರನ್ನೂ ಕೂರಿಸಿಕೊಂಡು ಕೆಲಸ ಮಾಡಿದ್ದಾರೆ. ಅದಕ್ಕೇ ದನಿಗಳು ಅಷ್ಟು ಹತ್ತಿರದಿಂದ ತಟ್ಟುತ್ತವೆ. ನಿಮಗೋ ಮನೆಯವರಿಗೋ ಇಂಥ ಅನುಭವ ಆಗಿದ್ದರೆ, ರಾತ್ರಿ ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಆಡಲು ಇದು ತಕ್ಕ ಗೇಮ್ ಅಲ್ಲ. ನೋಡಿಕೊಳ್ಳುತ್ತಿರುವ ಡಾಕ್ಟರನ್ನು ಒಂದು ಮಾತು ಕೇಳಿ. ಅಜ್ಜಿ ಗಾಳಿ ಅಂದದ್ದಕ್ಕೆ ನಿಮ್ಹಾನ್ಸ್‌ನಲ್ಲಿ ಔಷಧಿ ಇದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಪ್ರಶ್ನೆ. ಎರಡನೆಯದಕ್ಕೆ ನೇರ ಹಾರಬೇಡಿ, ಮೊದಲನೆಯದು ಸೇಲ್‌ನಲ್ಲಿ ಅಗ್ಗಕ್ಕೆ ಸಿಗುತ್ತಿರುತ್ತದೆ, ಅದನ್ನು ತಗೊಳ್ಳಿ. ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸಿ ಒಂದು ಗಂಟೆ ಆಡಿ. ಒಮ್ಮೆಯಾದರೂ ಹೆಡ್‌ಫೋನ್ ಸರಿಸಿ ಹಿಂದೆ ತಿರುಗಿ ನೋಡಿದರೆ ಎರಡನೆಯದಕ್ಕೂ ದುಡ್ಡು ಹಾಕಬಹುದು. ಗಂಟೆಯಾದರೂ ಫೈಟ್‌ಗಾಗಿಯೇ ಕಾಯುತ್ತಿದ್ದರೆ ರೂಮ್‌ಮೇಟಿನ ಮಾತು ಕೇಳಿ. ಅವರು ನಿಮ್ಮಂಥವರೇ.

ನನ್ನ ತಮ್ಮ ಅವತ್ತು ಅರ್ಧಕ್ಕೆ ನಿಲ್ಲಿಸಿ ಬೇರೇನೋ ಹಾಕಿಕೊಂಡ. ಅಜ್ಜಿ ಊರಿಗೆ ಹೋಗಿ ಹದಿನೈದು ದಿನಕ್ಕೆ ಫೋನ್ ಮಾಡಿದರು. ಮಳೆ, ಕೊಬ್ಬರಿ ರೇಟು, ಚಿಕ್ಕಮ್ಮನ ಮಂಡಿನೋವು ಎಲ್ಲ ವಿಚಾರಿಸಿ ಕೊನೆಗೆ, "ಆ ಗಾಳಿ ಸೋಕಿದ್ ಹೆಣ್ಣು ಏನಾದ್ಲೋ? ಮನೆ ಸೇರ್ಕಂಡ್ಲಾ?" ಅಂದರಂತೆ. ಇವನಿಗೆ ಗೊತ್ತಿರಲಿಲ್ಲ. ಇನ್ನೂ ಗುಹೆಯೊಳಗೇ ಇದ್ದಾಳೆ ಅಂತ ಹೇಳಿದನಂತೆ. ಆ ರಾತ್ರಿಯೇ ನನಗೆ ಫೋನ್ ಬಂತು: "ಅಣ್ಣಾ, ನಿನ್ನ ಹೆಡ್‌ಫೋನ್ ಎರಡು ದಿನ ಕೊಡ್ತೀಯಾ?"