ಓಡಿ ಬಂದು ಕಾಯುವ ಹಡಗು

ಸುರತ್ಕಲ್ ಲೈಟ್‌ಹೌಸ್ ಹತ್ತಿರ ಸಂಜೆ ಕೂತರೆ ಪಡುವಣದಲ್ಲಿ ದೀಪಗಳ ಒಂದು ಸಾಲು ಕಾಣುತ್ತದೆ. ಅವು ಮೀನಿನ ಬೋಟಿನ ದೀಪಗಳಲ್ಲ. ಬೋಟುಗಳು ಒಂದು ಕಡೆ ನಿಲ್ಲುವುದಿಲ್ಲ, ಇವು ಮಾತ್ರ ನಿಂತಲ್ಲೇ ನಿಂತಿರುತ್ತವೆ. ಪಣಂಬೂರಿನ ಬಂದರಿನೊಳಗೆ ಜಾಗ ಸಿಗುವವರೆಗೆ ಲಂಗರು ಹಾಕಿ ಕಾಯುವ ಹಡಗುಗಳು ಅವು.

ಕಳೆದ ವಾರ ಅಕ್ಕನ ಮಗ ಕೇಳಿದ, "ಮಾವ, ಅವು ಯಾಕೆ ಅಲ್ಲೇ ನಿಂತಿವೆ? ಹಾಳಾಗಿವೆಯಾ?"

"ಹಾಳಾಗಿಲ್ಲ ಮಾರಾಯ. ಬೇಗ ಬಂದುಬಿಟ್ಟಿವೆ."

"ಒಳಗೆ ಜಾಗ ಇಲ್ಲದಿದ್ದರೆ ಬೇಗ ಎಂತಕ್ಕೆ ಬರಬೇಕಿತ್ತು?"

ಇಪ್ಪತ್ತೆರಡು ವರ್ಷದಿಂದ ಹಡಗಿನ ಎಂಜಿನ್ ರೂಮಿನಲ್ಲಿದ್ದೇನೆ, ಈಗ ಚೀಫ್ ಎಂಜಿನಿಯರ್. ಹಡಗಿನ ಹೊಗೆ ಕಡಿಮೆ ಮಾಡುವುದು ಹೇಗೆ ಅಂತ ಕೇಳಿದರೆ ಹೈಡ್ರೋಜನ್, ಅಮೋನಿಯಾ ಅಂತ ಮಾತು ಶುರು ಮಾಡುವವರೇ ಜಾಸ್ತಿ. ನಾನು ಈ ಹುಡುಗನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಮೊದಲು ಎಂಜಿನ್ ವಿಷಯ ಹೇಳಿ ಮುಗಿಸುತ್ತೇನೆ. ದೊಡ್ಡ ಹಡಗಿನ ಮುಖ್ಯ ಎಂಜಿನ್ ಮೂರು-ನಾಲ್ಕು ಮಾಳಿಗೆಯಷ್ಟು ಎತ್ತರ ಇರುತ್ತದೆ. ನಿಮಿಷಕ್ಕೆ ತಿರುಗುವುದು ನೂರರ ಆಸುಪಾಸು ಸುತ್ತು ಅಷ್ಟೆ. ಎಣ್ಣೆಯಲ್ಲಿರುವ ಶಕ್ತಿಯ ಸುಮಾರು ಅರ್ಧದಷ್ಟನ್ನು ಅದು ಕೆಲಸಕ್ಕೆ ಇಳಿಸುತ್ತದೆ. ನಿಮ್ಮ ಕಾರಿನ ಎಂಜಿನ್ ಇದರ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಎಂಜಿನ್ನಿನಿಂದ ಇನ್ನೂ ಹಿಂಡಲು ಉಳಿದಿರುವುದು ಸ್ವಲ್ಪವೇ. ದೊಡ್ಡ ಉಳಿತಾಯ ಇರುವುದು ಎರಡು ಕಡೆ: ಹಡಗು ಎಷ್ಟು ಜೋರಾಗಿ ಓಡುತ್ತದೆ ಎಂಬುದರಲ್ಲಿ, ಅದರ ಹೊಟ್ಟೆ, ಅಂದರೆ ನೀರಿನೊಳಗಿನ ತಳ, ಎಷ್ಟು ಚೊಕ್ಕವಾಗಿದೆ ಎಂಬುದರಲ್ಲಿ.

ಸ್ಪೀಡಿನ ವಿಷಯಕ್ಕೆ ಬರೋಣ. ಪಣಂಬೂರು ಬೀಚಿನಲ್ಲಿ ಸೊಂಟದವರೆಗಿನ ನೀರಿಗೆ ಇಳಿದು ನಡೆದು ನೋಡಿ. ನಿಧಾನಕ್ಕೆ ನಡೆದರೆ ಕಷ್ಟವಿಲ್ಲ. ಓಡಲು ಹೋದರೆ ನೀರು ಎದುರಿಗೆ ಗೋಡೆಯ ಹಾಗೆ ನಿಲ್ಲುತ್ತದೆ. ಹಡಗಿಗೂ ಅಷ್ಟೇ. ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಅದನ್ನೇ ತಿರುಗಿಸಿ ನೋಡಿ. ವೇಗವನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಶಕ್ತಿ ನೂರಕ್ಕೆ 27ರಷ್ಟು ಇಳಿಯುತ್ತದೆ. ಪ್ರಯಾಣಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದನ್ನು ಸೇರಿಸಿಯೂ ಇಡೀ ಪ್ರಯಾಣದ ಎಣ್ಣೆ ನೂರಕ್ಕೆ 19ರಷ್ಟು ಉಳಿಯುತ್ತದೆ.

ಒಂದು ಲೆಕ್ಕ ಹಾಕೋಣ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಹೊರದೇಶದ ಕಲ್ಲಿದ್ದಲು ಇಳಿಯುವುದು ಪಣಂಬೂರಿನಲ್ಲೇ. ಅಂಥ ಕಲ್ಲಿದ್ದಲು ಹೊತ್ತ ಮಧ್ಯಮ ಗಾತ್ರದ ಹಡಗೊಂದು 3,000 ನಾಟಿಕಲ್ ಮೈಲು ಬರಬೇಕು ಅಂತ ಇಟ್ಟುಕೊಳ್ಳಿ. ಅದರ ವೇಗ 13.5 ನಾಟ್, ಅಂದರೆ ಗಂಟೆಗೆ 25 ಕಿಲೋಮೀಟರ್. ಸ್ಕೂಟರಿನವರು ನಗಬಹುದು. ಆ ವೇಗದಲ್ಲಿ ಅದು ದಿನಕ್ಕೆ 30 ಟನ್ ಎಣ್ಣೆ ಸುಡುತ್ತದೆ ಅನ್ನೋಣ. ಒಂಬತ್ತು ದಿನ ಚಿಲ್ಲರೆಯಲ್ಲಿ ತಲುಪುತ್ತದೆ, ಮುಗಿದದ್ದು 278 ಟನ್. ಅದೇ ಹಡಗು 12 ನಾಟ್‌ನಲ್ಲಿ ಬಂದರೆ ದಿನಕ್ಕೆ 21 ಟನ್ ಸಾಕು. ಒಟ್ಟು ಸುಮಾರು 220 ಟನ್. ಉಳಿದದ್ದು 58 ಟನ್. ಒಂದು ಟನ್ ಹೆವಿ ಫ್ಯೂಯೆಲ್ ಆಯಿಲ್ ಉರಿದರೆ 3.114 ಟನ್ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ ಎಂಬುದು ನಾವು ಬಳಸುವ ಲೆಕ್ಕ. ಅಂದರೆ 180 ಟನ್ ಹೊಗೆ ಗಾಳಿಗೆ ಸೇರದೆ ಉಳಿಯಿತು. ತಡವಾದದ್ದು 28 ಗಂಟೆ.

ಆ 28 ಗಂಟೆಯನ್ನು ಹಡಗು ಹೇಗೂ ಸುರತ್ಕಲ್ ಎದುರು ಲಂಗರು ಹಾಕಿ ಕಳೆಯುವುದಿದ್ದರೆ? ಜನರೇಟರ್ ಎರಡೂ ಲೆಕ್ಕದಲ್ಲಿ ಅಷ್ಟೇ ಹೊತ್ತು ಓಡಬೇಕು. ಸುಮ್ನೆ 58 ಟನ್ ಸುಟ್ಟು ಬಂದು ಕಾದದ್ದಷ್ಟೇ ಲಾಭ. ಎಂಜಿನ್ ರೂಮಿನಲ್ಲಿ ನಾವು ಒಂದು ವಾಲ್ವ್ ಸೋರಿದರೆ ಬಕೆಟ್ ಇಟ್ಟು ಹಿಡಿಯುತ್ತೇವೆ!

ಹಾಗಾದರೆ ಯಾಕೆ ಓಡಿ ಬರುತ್ತವೆ? ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದಿನ ಸ್ಟಾಪಿನಲ್ಲಿ ಜನ ಹಿಡಿಯಲು ಹಿಂದಿನ ಬಸ್ಸನ್ನು ಬಿಟ್ಟು ಓಡಬೇಕು, ಆಮೇಲೆ ಅಲ್ಲೇ ನಿಂತು ಟೈಮ್ ಕಳೆಯಬೇಕು. ಬಂದರುಗಳಲ್ಲೂ ಹೆಚ್ಚಿನ ಕಡೆ ಮೊದಲು ಬಂದವರಿಗೆ ಮೊದಲ ಸರದಿ. ಹಡಗು ಮುಟ್ಟಿದ ಮೇಲೆ ಕ್ಯಾಪ್ಟನ್ 'ನಾವು ರೆಡಿ' ಅಂತ ಒಂದು ನೋಟಿಸ್ ಕೊಡುತ್ತಾರೆ. ಆ ಗಳಿಗೆಯಿಂದ ಕರಾರಿನ ಗಡಿಯಾರ ಓಡಲು ಶುರು. ಸರಕು ಇಳಿಸಲು ಕೊಟ್ಟ ಹೊತ್ತು ಮೀರಿದರೆ ಹಡಗಿನವರಿಗೆ ಡೆಮರೇಜ್ ಹಣ ಬರುತ್ತದೆ. ಬೇಗ ಮುಟ್ಟಿ ಕಾದವರಿಗೆ ದುಡ್ಡು, ನಿಧಾನಕ್ಕೆ ಬಂದವರಿಗೆ ಸೊನ್ನೆ. ಮೇಲಾಗಿ 'ಸಾಧ್ಯವಾದಷ್ಟು ಬೇಗ ಹೋಗಬೇಕು' ಎಂಬ ಹಳೇ ಕಾಲದ ಸಾಲು ಕರಾರುಗಳಲ್ಲಿ ಇನ್ನೂ ಕೂತಿದೆ. ಬಂದರಿನವರು ನಾಲ್ಕು ದಿನ ಮೊದಲೇ 'ಗುರುವಾರ ಮಧ್ಯಾಹ್ನ ಬನ್ನಿ' ಅಂತ ಹೇಳಿ, ಆ ಹೊತ್ತಿಗೆ ಸರಿಯಾಗಿ ಬಂದವನ ಸರದಿ ತಪ್ಪದಂತೆ ಕರಾರು ಬರೆದರೆ ಅರ್ಧ ಕೆಲಸ ಆದಂತೆ. ಇದಕ್ಕೆ ಹೊಸ ಯಂತ್ರ ಒಂದೂ ಬೇಡ. ಅದಕ್ಕೇ ಇರಬೇಕು, ಇದರ ಬಗ್ಗೆ ಯಾರೂ ಪೋಸ್ಟರ್ ಮಾಡುವುದಿಲ್ಲ.

ತೀರಾ ನಿಧಾನವೂ ಬೇಡ, ಅದನ್ನೂ ಹೇಳಿಬಿಡುತ್ತೇನೆ. ಎಂಜಿನ್ ಒಂದು ಮಟ್ಟಕ್ಕಿಂತ ಕೆಳಗೆ ಓಡಿದರೆ ಹೊಗೆಯ ಬಲದಿಂದ ಗಾಳಿ ತುಂಬುವ ಟರ್ಬೋಚಾರ್ಜರಿನ ಗಾಳಿ ಸಾಲುವುದಿಲ್ಲ, ಕರೆಂಟಿನ ಬ್ಲೋವರ್ ಹಾಕಬೇಕು. ಹೊಗೆಯ ಬಿಸಿ ಸಾಲದೆ ಸ್ಟೀಮಿಗಾಗಿ ಬಾಯ್ಲರ್ ಉರಿಸಬೇಕು. ಹೆವಿ ಆಯಿಲ್ ಡಾಂಬರಿನ ತಮ್ಮನ ಹಾಗೆ, ಸ್ಟೀಮಿನಿಂದ 130 ಡಿಗ್ರಿ ಆಸುಪಾಸು ಕಾಯಿಸದೆ ಎಂಜಿನ್ನಿಗೆ ಬಿಡುವ ಹಾಗಿಲ್ಲ. ಚಿಮಣಿಯಲ್ಲಿ ಮಸಿ ಕಟ್ಟುತ್ತದೆ, ಸಿಲಿಂಡರ್ ಒಳಗೆ ಆಮ್ಲ ಕೂತು ಒಳಗೋಡೆಯ ಲೈನರ್ ತಿನ್ನುತ್ತದೆ. ಆಫೀಸಿನಲ್ಲಿ ಕೂತವರು 'ಇನ್ನೂ ಒಂದು ನಾಟ್ ಇಳಿಸಿ' ಅಂತ ಮೇಲ್ ಹಾಕುವುದು ಸುಲಭ.

ಈಗ ಹೊಟ್ಟೆಯ ವಿಷಯ. ಮಳೆಗಾಲದಲ್ಲಿ ಅಂಗಳದ ಕೆಂಪುಕಲ್ಲಿನ ಮೇಲೆ ಪಾಚಿ ಕಟ್ಟುತ್ತದಲ್ವಾ, ಹಡಗಿನ ತಳಕ್ಕೂ ಅಂಥದ್ದೇ ಲೋಳೆ ಕಟ್ಟುತ್ತದೆ. ವಿಚಿತ್ರ ಏನೆಂದರೆ, ನಮ್ಮನ್ನು ಜಾರಿಸಿ ಬೀಳಿಸುವ ಪಾಚಿ ಹಡಗನ್ನು ಮಾತ್ರ ಹಿಡಿದು ಎಳೆಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಲೋಳೆ ತಳದ ಅರ್ಧ ಭಾಗಕ್ಕೆ ಹರಡಿದರೆ ಹೊಗೆ ನೂರಕ್ಕೆ 25ರಿಂದ 30ರಷ್ಟು ಏರಬಹುದು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ ಕೈಜೋಡಿಸಿದ ಅಧ್ಯಯನವೇ ಹೇಳಿದೆ. ಆಮೇಲೆ ಬರುವುದು ಬಾರ್ನಕಲ್. ಚಿಪ್ಪು ನೋಡಿದರೆ ಮರುವಾಯಿಯ ನೆಂಟ ಅನ್ನಿಸುತ್ತದೆ, ನಿಜವಾಗಿ ಅದು ಸಿಗಡಿ, ಏಡಿಗಳ ಬಳಗ. ಪುಳಿಮುಂಚಿ ಮಾಡಲಿಕ್ಕೆ ಮಾತ್ರ ಬರುವುದಿಲ್ಲ.

ಒಮ್ಮೆ ಬಿಸಿನೀರಿನ ಸೀಮೆಯ ಒಂದು ಬಂದರಿನ ಹೊರಗೆ ಮೂರು ವಾರ ಲಂಗರು ಹಾಕಿ ಕಾದಿದ್ದೆವು. ಹೊರಟ ಮೇಲೆ ಎಂಜಿನ್ ಅಷ್ಟೇ ಸುತ್ತು ತಿರುಗುತ್ತಿದೆ, ಹಡಗು ಮಾತ್ರ ಒಂದೂವರೆ ನಾಟ್ ಹಿಂದೆ. ದಿನಾ ಮಧ್ಯಾಹ್ನ ಕಳಿಸುವ ನೂನ್ ರಿಪೋರ್ಟಿನಲ್ಲಿ ಅದನ್ನೇ ಬರೆದೆ. 'ಎಂಜಿನ್ ಸರಿಯಾಗಿ ನೋಡಿಕೊಳ್ಳಿ' ಎಂಬ ಉತ್ತರ ಬಂತು. ಆರು ವಾರ ಆದ ಮೇಲೆ ಡೈವರ್ ಇಳಿಸಿದರು. ವಿಡಿಯೋದಲ್ಲಿ ಪ್ರೊಪೆಲ್ಲರ್ ಯಾವುದು, ಬಂಡೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಕಾಯುವುದರ ಎರಡನೇ ನಷ್ಟ ಇದು: ನಿಂತ ಹಡಗಿಗೆ ಪಾಚಿ ಬೇಗ ಹತ್ತುತ್ತದೆ, ನಮ್ಮ ಕಡೆಯ ಬೆಚ್ಚಗಿನ ನೀರಿನಲ್ಲಿ ಇನ್ನೂ ಬೇಗ.

ಮಲ್ಪೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಆಗ ಬೋಟು ಮೇಲೆಳೆದು ತಳ ಕೆರೆದು ಪೇಂಟ್ ಹೊಡೆಯುತ್ತಾರೆ. "ಬುಡ ಕೆರೆಯದಿದ್ದರೆ ಡೀಸೆಲ್ ಕುಡಿಯುತ್ತದೆ" ಅಂತ ನನ್ನ ಪರಿಚಯದ, ಬೋಟು ನಡೆಸುವ ತಾಂಡೇಲರೊಬ್ಬರು ಹೇಳುತ್ತಾರೆ. ದೊಡ್ಡ ಹಡಗಿಗೆ ಡ್ರೈ ಡಾಕ್, ಅಂದರೆ ನೀರು ಖಾಲಿ ಮಾಡಿ ತಳ ರಿಪೇರಿ ಮಾಡುವ ಕಟ್ಟೆ, ಸಿಗುವುದು ಎರಡೂವರೆ ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ. ನಡುವೆ ನೀರಿನಲ್ಲೇ ಉಜ್ಜಿಸಬೇಕು. ಅದಕ್ಕೂ ಎಲ್ಲ ಬಂದರಿನಲ್ಲಿ ಒಪ್ಪಿಗೆ ಇಲ್ಲ. ಉಜ್ಜಿದಾಗ ಪೇಂಟಿನ ವಿಷವೂ ದೂರದ ಸಮುದ್ರದ ಜೀವಿಗಳೂ ಆ ಬಂದರಿನ ನೀರಿಗೇ ಬೀಳುತ್ತವೆ. ಹಿಂದೆ ಟಿಬಿಟಿ ಎಂಬ ತವರದ ಪೇಂಟ್ ಇತ್ತು. ಪಾಚಿ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಕಡಲ ಬಸವನಹುಳುಗಳ ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಯತೊಡಗಿತ್ತು. 2008ರಲ್ಲಿ ಜಗತ್ತಿನ ಒಪ್ಪಂದವೊಂದು ಜಾರಿಯಾಗಿ ಅದು ಬಂದ್ ಆಯಿತು. ಈಗ ಉಜ್ಜಿದ ಕೊಳೆಯನ್ನು ಅಲ್ಲೇ ಹೀರಿ ಸೋಸುವ ರೋಬೋಗಳು ಬಂದಿವೆ. ನನ್ನ ಕೇಳಿದರೆ, ಹಸಿರು ಬಂದರು ಅನ್ನಿಸಿಕೊಳ್ಳಬೇಕಾದ ಊರು ಮೊದಲು ಕೊಡಬೇಕಾದ ಸೌಕರ್ಯ ಇದು. ಗಿಡ ನೆಡುವುದು ಆಮೇಲೆ.

ಉಜ್ಜಿಸುವ ಖರ್ಚು ಯಾರದ್ದು ಎಂಬಲ್ಲಿ ಮತ್ತೆ ಗಂಟು. ಹಡಗನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಾಗ ಎಣ್ಣೆಯ ದುಡ್ಡು ಬಾಡಿಗೆಯವನದ್ದು, ಪೇಂಟಿನ ದುಡ್ಡು ಮಾಲೀಕನದ್ದು. ಬಾಡಿಗೆ ಮನೆಯ ಕರೆಂಟ್ ಬಿಲ್ ಕಡಿಮೆಯಾಗಲಿ ಅಂತ ಒಳ್ಳೆಯ ಫ್ಯಾನ್ ತಂದು ಹಾಕುವ ಮಾಲೀಕರನ್ನು ನೀವು ನೋಡಿದ್ದೀರಾ?

ನಿಯಮಗಳು ಬಂದಿವೆ. 2013ರಿಂದ ಹೊಸ ಹಡಗುಗಳ ವಿನ್ಯಾಸಕ್ಕೇ ದಕ್ಷತೆಯ ಮಿತಿ ಇದೆ. 2023ರಿಂದ 5,000 ಗ್ರಾಸ್ ಟನ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳಿಗೆ ವರ್ಷಕ್ಕೊಮ್ಮೆ ಎ ಇಂದ ಇ ವರೆಗೆ ಗ್ರೇಡ್ ಸಿಗುತ್ತದೆ. ಮೂರು ವರ್ಷ ಸತತ ಡಿ ಅಥವಾ ಒಂದೇ ವರ್ಷ ಇ ಬಂದರೆ ಸರಿಪಡಿಸುವ ಯೋಜನೆ ಬರೆದುಕೊಡಬೇಕು. ಒಳ್ಳೆಯದೇ. ಆದರೆ ಲೆಕ್ಕ ಹಾಕುವ ರೀತಿ ನೋಡಿ: ಹೊಗೆಯನ್ನು ಹಡಗಿನ ಹೊರುವ ಶಕ್ತಿ ಮತ್ತು ಓಡಿದ ದೂರದಿಂದ ಭಾಗಿಸುತ್ತಾರೆ. ನಿಜವಾಗಿ ಎಷ್ಟು ಸರಕು ಇತ್ತು ಎಂಬುದು ಲೆಕ್ಕದಲ್ಲೇ ಇಲ್ಲ. ಹಾಗಾಗಿ ಖಾಲಿ ಹಡಗು ದೂರ ದೂರ ಸುತ್ತಿದರೆ ಒಳ್ಳೆಯ ಗ್ರೇಡ್ ಬರಬಹುದು. ತುಂಬಿದ ಹಡಗು ಬಂದರಿನ ಬಾಗಿಲಲ್ಲಿ ಕಾದರೆ ಗ್ರೇಡ್ ಬೀಳುತ್ತದೆ. ಕಾಯಿಸಿದವರಿಗೆ ಯಾವ ಗ್ರೇಡೂ ಇಲ್ಲ.

ದಡದ ಕರೆಂಟಿನ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಹಡಗು ಕಟ್ಟೆಗೆ ಬಂದ ಮೇಲೆ ಜನರೇಟರ್ ನಿಲ್ಲಿಸಿ ದಡದಿಂದ ಕೇಬಲ್ ಎಳೆದುಕೊಳ್ಳುವುದು. ಪಣಂಬೂರು, ಬೈಕಂಪಾಡಿಯವರ ಮೂಗಿಗೆ ಇದು ಖಂಡಿತ ಒಳ್ಳೆಯದು. ತೊಡಕೂ ಇದೆ. ನಮ್ಮ ಗ್ರಿಡ್ 50 ಹರ್ಟ್ಜ್, ಹೆಚ್ಚಿನ ಹಡಗುಗಳು 60. ನಡುವೆ ದುಬಾರಿ ಪರಿವರ್ತಕ ಬೇಕು. ಕಚ್ಚಾ ತೈಲದ ದೊಡ್ಡ ಟ್ಯಾಂಕರ್‌ಗಳು ಸರಕು ಪಂಪ್ ಮಾಡುವುದು ಹೆಚ್ಚಾಗಿ ಸ್ಟೀಮಿನಿಂದ, ಅವಕ್ಕೆ ಈ ಕೇಬಲ್ ಸಾಲುವುದಿಲ್ಲ. ಇನ್ನು ಆ ಕರೆಂಟು ಎಲ್ಲೂರಿನ ಕಲ್ಲಿದ್ದಲಿನಿಂದ ಬಂದರೆ, ಹಡಗು ತಾನೇ ತಂದ ಕಲ್ಲಿದ್ದಲನ್ನು ತಂತಿಯಲ್ಲಿ ತಿರುಗಿ ಪಡೆದ ಹಾಗಾಯಿತು. ಚಿಮಣಿ ಮಾತ್ರ ಬೇರೆ ಕಡೆ.

ಹೊಸ ಇಂಧನ ಬೇಡ ಅಂತ ನಾನು ಹೇಳುತ್ತಿಲ್ಲ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಹಡಗುಗಳ ಪಾಲು ನೂರಕ್ಕೆ ಸುಮಾರು 3. 2050ರ ಹೊತ್ತಿಗೆ ಅದನ್ನು ನಿವ್ವಳ ಸೊನ್ನೆಗೆ ತರಬೇಕು ಎಂದು ಐಎಂಒ 2023ರಲ್ಲಿ ಗುರಿ ಇಟ್ಟಿತು. ನಿಧಾನಕ್ಕೆ ಓಡಿ, ತಳ ಉಜ್ಜಿ ಅಲ್ಲಿಗೆ ಮುಟ್ಟಲಾಗುವುದಿಲ್ಲ. ಆದರೆ ಮೆಥನಾಲಿನಲ್ಲಿ ಡೀಸೆಲಿನ ಅರ್ಧಕ್ಕಿಂತಲೂ ಕಡಿಮೆ ಶಕ್ತಿ, ಟ್ಯಾಂಕ್ ಎರಡು ಪಟ್ಟಿಗಿಂತಲೂ ದೊಡ್ಡದು ಬೇಕು. ಅಮೋನಿಯಾ ಏನು ಅಂತ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದವರ ಹತ್ತಿರ ಕೇಳಿ. ಪೈಪಿನ ಒಂದು ಫ್ಲ್ಯಾಂಜ್ ಜಾಯಿಂಟ್ ಸೋರಿದರೆ ಅವರು ಗೇಟಿನ ಹೊರಗೆ ಓಡಬಹುದು. ನಾವು ಎಲ್ಲಿಗೆ ಓಡುವುದು? ಇಂಧನ ಇಷ್ಟು ದುಬಾರಿ ಆಗುವುದಿದ್ದರೆ, ಅದರ ದೊಡ್ಡ ಪಾಲನ್ನು ಪಾಚಿಗೂ ಅವಸರಕ್ಕೂ ಸುರಿಯುವುದು ಇನ್ನೂ ದೊಡ್ಡ ಹುಚ್ಚು.

ಗಾಳಿಯ ಬಗ್ಗೆ ನನಗೆ ಒಳಗೊಳಗೇ ಆಸೆ ಇದೆ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿ ಎಂಬ ಮರದ ಹಡಗುಗಳು ಹಾಯಿ ಕಟ್ಟಿ ಹೋಗುತ್ತಿದ್ದ ಊರು ನಮ್ಮದು. 1920ರ ದಶಕದಲ್ಲೇ ಜರ್ಮನಿಯ ಆಂಟನ್ ಫ್ಲೆಟ್ನರ್ ಹಡಗಿನ ಮೇಲೆ ತಿರುಗುವ ಕಂಬ ನಿಲ್ಲಿಸಿ ಓಡಿಸಿದ್ದ. ಸ್ಪಿನ್ ಆದ ಕ್ರಿಕೆಟ್ ಚೆಂಡು ಗಾಳಿಯಲ್ಲಿ ತಿರುಗುತ್ತದಲ್ವಾ, ಅದೇ ತತ್ವ. ಅಗ್ಗದ ಎಣ್ಣೆ ಬಂದು ಅದನ್ನು ಮೂಲೆಗೆ ತಳ್ಳಿತು, ಈಗ ಮತ್ತೆ ಬರುತ್ತಿದೆ. 2023ರಲ್ಲಿ ಪಿಕ್ಸಿಸ್ ಓಷನ್ ಎಂಬ ಸರಕು ಹಡಗಿಗೆ 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿ ಕೂರಿಸಿದರು. ಮೊದಲ ಆರು ತಿಂಗಳಲ್ಲಿ ದಿನಕ್ಕೆ ಸರಾಸರಿ 3 ಟನ್ ಎಣ್ಣೆ ಉಳಿಯಿತು ಎಂಬುದು ಅದನ್ನು ಓಡಿಸಿದವರ ಲೆಕ್ಕ.

ಮೊನ್ನೆ ಮತ್ತೆ ಲೈಟ್‌ಹೌಸ್ ಹತ್ತಿರ ಹೋಗಿದ್ದೆವು. ಹುಡುಗ ದೀಪ ಎಣಿಸಿದ, ಏಳು ಇದ್ದವು. "ಹೋದ ವಾರದ್ದೇ ಇದ್ದಾವಾ ಮಾವ, ಹೊಸತಾ?" ಅಂದ. ಇಷ್ಟು ದೂರದಿಂದ ಹೇಳಲಿಕ್ಕೆ ಬರುವುದಿಲ್ಲ. ಮುಂದಿನ ತಿಂಗಳು ನನಗೂ ಹಡಗು ಹತ್ತಲಿದೆ. ಸೆಕೆಂಡ್ ಎಂಜಿನಿಯರ್ ಹತ್ತಿರ ಎಂಜಿನ್ ಬಗ್ಗೆ ಆಮೇಲೆ ಕೇಳುತ್ತೇನೆ. ಕಳೆದ ಸಲ ಡೈವರ್ ಕೆಳಗೆ ಇಳಿದದ್ದು ಯಾವಾಗ, ಆಮೇಲೆ ಎಷ್ಟು ದಿನ ಲಂಗರು ಹಾಕಿ ನಿಂತಿದ್ದಿರಿ, ಮೊದಲು ಅದನ್ನು ಕೇಳಬೇಕು.